ಅಣ್ಣನ ಮನೆ ಶ್ರುತಿ

ಹೊಳೆ ದಡದ ಮಠದಲ್ಲಿ ಬೆಳಗಿನ ಪೂಜೆಗೆ ಓಲಗ ಊದುತ್ತಿದ್ದವರು ಅಣ್ಣತಮ್ಮ ಇಬ್ಬರು. ತಮ್ಮ ಗವಿಯಪ್ಪನವರದು ನಾಗಸ್ವರ. ಅಣ್ಣ ಚೆನ್ನಿಗಪ್ಪನವರದು ಒತ್ತು.

ಒತ್ತು ಅಂದರೆ ನೋಡೋಕೆ ನಾಗಸ್ವರವೇ. ಬೆರಳಾಡಿಸೋಕೆ ತೂತಿಲ್ಲ, ಅಷ್ಟೇ. ಅದರಲ್ಲಿರೋದು ಒಂದೇ ಸ್ವರ. ಪೂಜೆ ಮುಗಿಯೋವರೆಗೂ ಅದನ್ನು ಉಸಿರು ಕಡಿಯದೆ ಹಿಡಿದಿರಬೇಕು. ನಾಗಸ್ವರದವನು ಎಂಥಾ ವಿದ್ವಾಂಸನಾದರೂ ಆ ಸ್ವರಕ್ಕೆ ಕೂಡಿಯೇ ನುಡಿಸಬೇಕು. ಶಾಲು ಹೊದಿಸೋದು ಮಾತ್ರ ನಾಗಸ್ವರದವನಿಗೆ. ನಮ್ಮ ಜನ ಹಾಗೇ ಬಿಡಿ.

ಚೆನ್ನಿಗಪ್ಪನವರಿಗೆ ಹಲ್ಲು ಉದುರಿತ್ತು, ಎದೆ ಸೋತಿತ್ತು. ಇನ್ನು ಊದಬೇಡಿ ಅಂತ ಡಾಕ್ಟರು ಹೇಳಿ ಆಗಿತ್ತು.

"ಊದಬೇಡ ಅಂದ್ರೆ ನಾನು ಯಾಕಿರಬೇಕು?" ಅಂದಿದ್ದರು ಅವರು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಗವಿಯಪ್ಪನವರ ಹತ್ತಿರ ಕಲಿಯೋಕೆ ಪೇಟೆಯಿಂದ ತಿಮ್ಮರಾಜು ಬಂದಿದ್ದ. ಮೀಸೆ ಬಲಿತ ಗಂಡಸು. ಕಿವಿ ಬಲು ಚುರುಕು. ಬಾಯಿ ಅದಕ್ಕಿಂತ ಚುರುಕು, ಕೇಡು ಬಂದಿದ್ದೇ ಅದರಿಂದ.

ಒಂದು ದಿನ ಗುರುಗಳು ನಾಗಸ್ವರದ ತುದಿಯ ತೂತುಗಳಿಗೆ ಮೇಣ ಮೆತ್ತುತ್ತಾ ಕೂತಿದ್ದರು. ಮೇಣ ಮೆತ್ತಿದರೆ ಶ್ರುತಿ ಇಳಿಯುತ್ತದೆ.

"ಗುರುಗಳೇ, ಹೋದ ತಿಂಗಳೂ ಮೆತ್ತಿದ್ರಿ. ನಮ್ಮದು ಈಗ ಎಷ್ಟು ಮನೆ ಶ್ರುತಿ?"

ಶ್ರುತಿಯ ಎತ್ತರವನ್ನು ಮೇಳದವರು ಮನೆ ಲೆಕ್ಕದಲ್ಲೇ ಹೇಳೋದು. ಒಂದು ಮನೆ, ಒಂದೂವರೆ ಮನೆ, ಎರಡು ಮನೆ.

"ಅಣ್ಣನ ಮನೆ" ಅಂದರು ಗುರುಗಳು.

"ಹಂಗಂದ್ರೆ?"

"ಹಂಗಂದ್ರೆ ಹಂಗೇ."

ತಿಮ್ಮರಾಜುಗೆ ಅರ್ಥವಾಗಲಿಲ್ಲ. ಗುರುಗಳ ಕಿವಿ ಮಂದವಾಯಿತೇನೋ ಅಂದುಕೊಂಡ.

ಅದೇ ವಾರ ಮಠಕ್ಕೆ ಭಜನೆ ಮೇಳವೊಂದು ಬಂತು. ಮಂಗಳಾರತಿಗೆ ಓಲಗ, ಹಾರ್ಮೋನಿಯಂ ಎರಡೂ ಕೂಡಿ ನುಡಿಯಲಿ ಅಂತ ಸ್ವಾಮಿಗಳ ಅಪ್ಪಣೆಯಾಯಿತು.

ಹಾರ್ಮೋನಿಯಂನವನು ಬೆಳಗಿನ ಪೂಜೆಯ ಓಲಗ ಕೇಳಿ, ಎರಡು ಮನೆ ಶ್ರುತಿ ಹಿಡಿದು ನೋಡಿ ನಕ್ಕ. "ಏನಪ್ಪಾ, ನಿಮ್ಮ ಓಲಗ ನೆಲ ಕಚ್ಚಿದೆಯಲ್ಲ!"

ತಿಮ್ಮರಾಜುಗೆ ಮೈಯೆಲ್ಲಾ ಉರಿದುಹೋಯಿತು. ಗುರುಗಳ ಮರ್ಯಾದೆ ಹೋಗುತ್ತೆ ಅಂತ ಹೆದರಿಕೆಯೂ ಆಯಿತು. ಗುರುಗಳು ಸ್ನಾನಕ್ಕೆ ಹೊಳೆಗೆ ಇಳಿದಿದ್ದರು. ಅವನು ನೆಟ್ಟಗೆ ಚೆನ್ನಿಗಪ್ಪನವರ ಹತ್ತಿರ ಹೋದ.

"ದೊಡ್ಡಯ್ಯ, ತಪ್ಪು ತಿಳ್ಕೋಬೇಡಿ. ನಿಮ್ಮ ಶ್ರುತಿ ಇಳಿದಿದೆ."

"ಯಾರದು? ನಂದಾ?"

"ನಾನು ಬಂದಾಗಿನಿಂದ ಇಳೀತಾನೇ ಇದೆ."

"ಅದೆಂಗೆ ಮಗ? ದಿನಾ ಗವಿಯ ನನ್ನ ಜೊತೆ ಸರಿಯಾಗಿ ಕೂಡ್ತಾನಲ್ಲ!"

"ಅವರು ಮೇಣ ಮೆತ್ಕೊಂಡು ಇಳೀತಾರೆ ದೊಡ್ಡಯ್ಯ."

ಅಯ್ಯೋ, ಅದೊಂದು ಮಾತು ಆಡಬಾರದಿತ್ತು.

ಮುದುಕರು ಒತ್ತನ್ನು ಮಡಿಲಿಗೆ ಎಳೆದುಕೊಂಡರು. ಮುಖ ಸಣ್ಣದಾಯಿತು. ಆಮೇಲೆ ಒತ್ತಿನಿಂದ ಸೀವಾಳಿ ಕಿತ್ತು ಅವನ ಕೈಗೆ ಕೊಟ್ಟರು. ಸೀವಾಳಿ ಅಂದರೆ ತುಟಿಗಿಟ್ಟು ಊದುವ ಜೊಂಡಿನ ಪೀಪಿ. ತುದಿ ಕತ್ತರಿಸಿದರೆ ಶ್ರುತಿ ಏರುತ್ತದೆ. ಊದೋಕೆ ಉಸಿರೂ ಹೆಚ್ಚು ಬೇಕಾಗುತ್ತದೆ.

"ಕತ್ತರಿಸು."

ತಿಮ್ಮರಾಜು ಉಗುರಿನ ಅಂಚಿನಷ್ಟು ಕತ್ತರಿಸಿದ. ಚೆನ್ನಿಗಪ್ಪನವರು ಊದಿದರು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ಸ್ವರ ಮಾತ್ರ ಹಾರ್ಮೋನಿಯಂಗೆ ಸರಿಯಾಗಿ ಕೂಡಿತು.

"ಸರಿಯಾಯ್ತು ದೊಡ್ಡಯ್ಯ!" ಅಂತ ಕುಣಿದಾಡಿದ ಪುಣ್ಯಾತ್ಮ.

"ಗವಿಯನಿಗೆ ಹೇಳಬೇಡ. ಇಷ್ಟು ದಿನ ಅವನು ನನ್ನನ್ನ ಹೊತ್ತಿದ್ದು ಸಾಕು" ಅಂದರು ಮುದುಕರು.

ಮಂಗಳಾರತಿಗೆ ಒತ್ತಿನ ಸ್ವರ ಎತ್ತರದಲ್ಲಿ ಎದ್ದಾಗ ಗವಿಯಪ್ಪನವರು ಬೆಚ್ಚಿ ಅಣ್ಣನ ಕಡೆ ತಿರುಗಿದರು. ಸಾಕು ಅಂತ ಕೈಸನ್ನೆ ಮಾಡಿದರು. ಅಣ್ಣ ಕಣ್ಣು ಮುಚ್ಚಿಕೊಂಡರು.

ಆರತಿ ನಡೆಯುವಾಗ ಒತ್ತು ನಿಲ್ಲಬಾರದು. ಮೇಳದವರ ಕಟ್ಟಳೆ ಅದು. ಗವಿಯಪ್ಪನವರು ಉಗುರಿನಿಂದ ಮೇಣ ಕೆರೆದು ಕೆರೆದು ತೆಗೆದರು. ಬೇಗ ಮುಗಿಸಬೇಕೆಂದು ಓಡಿಸಿ ಓಡಿಸಿ ನುಡಿಸಿದರು. ಹಾರ್ಮೋನಿಯಂನವನು ಭೇಷ್ ಅಂತ ತಲೆದೂಗಿದ.

ಆರತಿ ತಟ್ಟೆ ಕೆಳಗಿಡುವ ಮೊದಲೇ ಒತ್ತು ನಿಂತಿತು. ಚೆನ್ನಿಗಪ್ಪನವರು ಕೂತಲ್ಲೇ ಮುಂದಕ್ಕೆ ಬಾಗಿದರು. ಬಾಯಲ್ಲಿ ರಕ್ತ ಬಂದಿತ್ತು. ತಮ್ಮ ಎತ್ತಿಕೊಳ್ಳುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಹೊಳೆ ದಡದಲ್ಲಿ ಚಿತೆ ಆರುವವರೆಗೂ ತಿಮ್ಮರಾಜು ದೂರ ನಿಂತಿದ್ದ. ಆಮೇಲೆ ಹತ್ತಿರ ಬಂದು ಎಲ್ಲವನ್ನೂ ಹೇಳಿದ.

"ಶ್ರುತಿ ಸರಿಮಾಡಿದೆ ಗುರುಗಳೇ. ಅಷ್ಟೇ ನಾನು ಮಾಡಿದ್ದು."

"ಹೌದು. ಸರಿಯಾಗೇ ಇತ್ತು."

"ಬೈಯಿರಿ. ಹೊಡೀರಿ."

ಗುರುಗಳು ಬೂದಿಯ ಕಡೆಗೆ ತಿರುಗಿದರು.

"ಗುರುಗಳೇ, ಮೇಣ ಯಾಕೆ ಅಂತ ನನಗೊಂದು ಮಾತು ಹೇಳಬಾರದಿತ್ತಾ?"

"ನಿನಗೆ ಹೇಳಿದ್ರೆ ಅಣ್ಣನಿಗೂ ಕೇಳಿಸ್ತಿತ್ತು. ಹಂಗಂತ ಹೇಳಲಿಲ್ಲ. ಕೊನೆಗೆ ಹೇಳದೇ ಇದ್ದಿದ್ದಕ್ಕೇ ಅವನು ಹೋದ."

ಅಷ್ಟು ಹೇಳಿ ಗವಿಯಪ್ಪನವರು ಚಿಕ್ಕ ಮಗುವಿನ ಹಾಗೆ ಅತ್ತರು. ತಿಮ್ಮರಾಜು ಅವರನ್ನು ಮುಟ್ಟುವ ಧೈರ್ಯ ಮಾಡಲಿಲ್ಲ.

ಸೂತಕ ಕಳೆದ ಬೆಳಿಗ್ಗೆ ಅವನು ಬಟ್ಟೆ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದ. ಗುರುಗಳು ಒತ್ತಿಗೆ ಹೊಸ ಸೀವಾಳಿ ಕಟ್ಟುತ್ತಾ ಕೂತಿದ್ದರು.

"ಹೊರಡ್ತೀನಿ ಗುರುಗಳೇ. ಯಾವ ಮುಖ ಇಟ್ಕೊಂಡು ಇಲ್ಲಿರಲಿ?"

"ಪೂಜೆಗೆ ಹೊತ್ತಾಯ್ತು" ಅಂದರು ಗುರುಗಳು. ಒತ್ತನ್ನು ಅವನ ಕೈಗೆ ಕೊಟ್ಟರು.

"ಇದು ದೊಡ್ಡಯ್ಯನದು. ನಾನು ಮುಟ್ಟಲಾರೆ."

"ಊದು."

ಇಬ್ಬರೂ ಮಠದ ಕಟ್ಟೆಯ ಮೇಲೆ ಕೂತರು. ಚೆನ್ನಿಗಪ್ಪನವರ ಜಾಗ ಬರಿದಾಗಿತ್ತು. ತಿಮ್ಮರಾಜು ಅದರ ಪಕ್ಕದಲ್ಲಿ ಕೂತು ಊದಿದ. ಸ್ವರ ಎದ್ದಿತು, ನಡುಗಿತು, ಅಳು ನುಗ್ಗಿ ಬಂದು ಜಾರಿತು. ಒಳಗೆ ಆರತಿಯ ಗಂಟೆ ಶುರುವಾಗಿತ್ತು.

ಅವನು ಒತ್ತನ್ನು ಬಾಯಿಂದ ತೆಗೆದ.

"ಆಗ್ತಿಲ್ಲ ಗುರುಗಳೇ. ಉಸಿರು ನಿಲ್ತಿಲ್ಲ. ಶ್ರುತಿ ಇಳಿದುಹೋಗ್ತಿದೆ."

ಗವಿಯಪ್ಪನವರು ತುಟಿಗೆ ಎತ್ತಿದ ನಾಗಸ್ವರ ಇಳಿಸಿ ಮೇಣದ ಉಂಡೆ ಕೈಗೆ ತಗೊಂಡರು.

"ಇಳೀಲಿ. ನೀನು ಊದು. ನಾನು ಬರ್ತೀನಿ."