ಗಟ್ಟಿಮೇಳಕ್ಕೆ ತಡವಾದ ಕಾರು

"ಗುರುಗಳೇ, ದಾರಿ ತೋರಿಸಲು ಕಾರಿಗೆಂದೇ ಮಾಡಿದ ಪೆಟ್ಟಿಗೆ ಒಳ್ಳೆಯದೋ, ಕೈಯಲ್ಲಿರುವ ಫೋನೇ ಸಾಕೋ?"

ಕೇಳಿದವನು ಶಿಷ್ಯ ಮರುಳಸಿದ್ಧ. ಮಠದ ವ್ಯಾನು ಓಡಿಸುವುದು ಅವನ ಕಾಯಕ. ದಿನಾ ಮಧ್ಯಾಹ್ನ ಮಠದ ಅಡುಗೆಯನ್ನು ಸುತ್ತಲಿನ ಶಾಲೆಗಳಿಗೆ ಮುಟ್ಟಿಸಬೇಕು. ಹೋದ ವಾರ ಹೊಸದೊಂದು ಶಾಲೆಗೆ ಊಟ ತಲುಪುವಾಗ ಮೂರು ಗಂಟೆಯಾಗಿತ್ತು. ಮಕ್ಕಳು ತಟ್ಟೆ ಹಿಡಿದುಕೊಂಡೇ ಕಾದಿದ್ದರು.

"ವ್ಯಾನಿನಲ್ಲಿರುವ ಜಿಪಿಎಸ್ ಪೆಟ್ಟಿಗೆ ಹಳೆಯದು. ಅದೇ ಮೋಸ ಮಾಡಿದ್ದು. ಭಕ್ತರೊಬ್ಬರು ಹೊಸದು ಕೊಡಿಸುತ್ತಾರಂತೆ. ಪೆಟ್ಟಿಗೆಯೋ ಫೋನೋ ಎಂದು ಇವತ್ತೇ ಹೇಳಬೇಕು" ಎಂದು ಅವನು ಸೇರಿಸಿದ.

ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸದೆ, ಕೂತುಕೋ ಎಂದು ಕಣ್ಣಿನಲ್ಲೇ ಹೇಳಿ ಕತೆ ಶುರುಮಾಡಿದರು.

ಒಬ್ಬ ಚಾಲಕನಿದ್ದ. ಸ್ವಂತ ಕಾರು, ಬಾಡಿಗೆ ಓಡಿಸಿ ಜೀವನ. ಕಾರು ಕೊಂಡ ವರ್ಷವೇ ಮುಂದಿನ ಗಾಜಿನ ಕೆಳಗೆ ಜಿಪಿಎಸ್ ಪೆಟ್ಟಿಗೆಯೊಂದನ್ನು ಕೂರಿಸಿದ. ಅದಕ್ಕೆ ದಾರಿ ಹೇಳುವುದು ಬಿಟ್ಟರೆ ಬೇರೆ ಕಸುಬಿಲ್ಲ. ಫೋನಿಗೆ ಸಿಗ್ನಲ್ ಸಿಗದ ಕಾಡಿನಲ್ಲೂ ಅದು ಎಡಕ್ಕೆ ಬಲಕ್ಕೆ ಎನ್ನುತ್ತಿತ್ತು. ಅವನು ಮಾಡಬೇಕಾಗಿದ್ದದ್ದು ಇಷ್ಟೇ, ವರ್ಷಕ್ಕೊಮ್ಮೆ ಅಂಗಡಿಗೆ ಒಯ್ದು ಹೊಸ ನಕ್ಷೆ ತುಂಬಿಸಿಕೊಂಡು ಬರುವುದು. ಮೊದಲ ವರ್ಷ ಹೋದ. ಎರಡನೆಯ ವರ್ಷ ಇವತ್ತು ನಾಳೆ ಎಂದ. ಮೂರನೆಯ ವರ್ಷ ಮರೆತೇಬಿಟ್ಟ.

ಒಂದು ದಿನ ಪೆಟ್ಟಿಗೆ ಅವನನ್ನು ಇಲ್ಲದ ರಸ್ತೆಗೆ ಕರೆದೊಯ್ದಿತು. ಆ ರಸ್ತೆ ಮುಚ್ಚಿ ಎರಡು ವರ್ಷವಾಗಿತ್ತು. ಕಾರಿನಲ್ಲಿದ್ದವರಿಗೆ ರೈಲು ತಪ್ಪಿತು. ಇನ್ನು ನನ್ನ ಕತೆ ಮುಗಿಯಿತು ಎಂದುಕೊಂಡ ಚಾಲಕ. ಆದರೆ ಬೈಗುಳ ಅವನ ತನಕ ಬರಲೇ ಇಲ್ಲ. ಇಂಥ ಪೆಟ್ಟಿಗೆಗಳನ್ನು ನಂಬಲೇಬಾರದು ಎಂದು ಅವರು ಪೆಟ್ಟಿಗೆಯನ್ನೇ ಬೈದರು. ಅವನೂ ಜೊತೆಗೆ ಎರಡು ಮಾತು ಸೇರಿಸಿದ. ಮನಸ್ಸು ಹಗುರಾಯಿತು. ದಾರಿಯುದ್ದಕ್ಕೂ ಮಾತಾಡುವ ಪೆಟ್ಟಿಗೆ, ಬೈದಾಗ ಮಾತ್ರ ತಿರುಗಿ ಮಾತಾಡುವುದಿಲ್ಲ. ಆ ಸುಖ ಅವನಿಗೆ ಹಿಡಿಸಿತು.

ಆಮೇಲೆ ದಾರಿ ಹೇಳುವ ಫೋನು ಬಂತು. ಕಾರ್ ಸ್ಟ್ಯಾಂಡಿನ ಗೆಳೆಯರೆಲ್ಲ ಅದನ್ನು ಹಾಡಿ ಹೊಗಳಿದರು. ನಿನ್ನೆ ಹಾಕಿದ ರಸ್ತೆಯೂ ಇವತ್ತು ಅದರಲ್ಲಿರುತ್ತದೆ, ಎಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿವೆ ಎಂಬುದನ್ನೂ ಹೇಳುತ್ತದೆ ಎಂದರು. ಚಾಲಕ ಅದಕ್ಕೊಂದು ಸ್ಟ್ಯಾಂಡ್ ಕೊಂಡು ಗಾಜಿಗೆ ಅಂಟಿಸಿದ. ಹಳೆಯ ಪೆಟ್ಟಿಗೆಯನ್ನು ಕಿತ್ತುಹಾಕಲು ಮನಸ್ಸು ಬರಲಿಲ್ಲ. ಅದೂ ಅಲ್ಲೇ ಇತ್ತು. ಒಂದು ದಿನ ಚಾರ್ಜರ್ ಮನೆಯಲ್ಲಿ ಮರೆತು ಬಂದ, ಫೋನು ನಡುದಾರಿಯಲ್ಲಿ ಸತ್ತಿತು. "ಈ ಫೋನು ಯಾವಾಗ ಕೈ ಕೊಡುತ್ತದೋ ಹೇಳೋಕಾಗಲ್ಲ ಸಾರ್" ಎಂದ. ಹಿಂದೆ ಕೂತಿದ್ದ ಸಾರ್ ಕೂಡ ತಲೆಯಾಡಿಸಿದರು. ಅವರ ಫೋನೂ ಹಾಗೇ ಅಂತೆ.

ಹೀಗಿರುವಾಗ ಮದುವೆಯ ಬಾಡಿಗೆಯೊಂದು ಬಂತು. ಹೋಗಬೇಕಾದವನು ಒಬ್ಬನೇ, ಹೆಣ್ಣಿನ ಸೋದರಮಾವ. ಹುಡುಗಿ ಹಸುಗೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಏಳು ವರ್ಷ ಅವಳನ್ನು ಎತ್ತಿ ಆಡಿಸಿ, ಜಡೆ ಹಾಕಿ, ಶಾಲೆಗೆ ಬಿಟ್ಟು ಬಂದವನು ಈ ಮಾವ. ಅವರ ಮನೆತನದಲ್ಲಿ ಹೆಣ್ಣಿಗೆ ಬಾಸಿಂಗ ಕಟ್ಟಿ, ಕೈ ಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನೇ. ಅದು ಬೇರೆ ಯಾರೂ ಮಾಡುವ ಕೆಲಸವಲ್ಲ. ಮುಹೂರ್ತ ಹತ್ತೂವರೆಯಿಂದ ಹನ್ನೊಂದರವರೆಗೆ. ಊರು ಎರಡು ಗಂಟೆಯ ದಾರಿ. ಮಾವ ಬೆಳಿಗ್ಗೆ ಆರಕ್ಕೇ ಪೇಟ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ಏಳೂವರೆಗೆ ಕಾರು ಹೊರಟಿತು. ಬಾಸಿಂಗದ ಬುಟ್ಟಿಯನ್ನು ಅವನು ಸೀಟಿನ ಮೇಲೂ ಇಡಲಿಲ್ಲ, ಮಡಿಲಲ್ಲೇ ಇಟ್ಟುಕೊಂಡ.

"ನಿಧಾನಕ್ಕೇ ಹೋಗಪ್ಪ, ಬೇಕಾದಷ್ಟು ಟೈಮಿದೆ" ಎಂದ ಮಾವ.

ಮುಹೂರ್ತದ ಬಾಡಿಗೆಯೆಂದು ಚಾಲಕ ಅವತ್ತು ಪೆಟ್ಟಿಗೆಗೂ ಊರಿನ ಹೆಸರು ಹೇಳಿದ, ಫೋನಿಗೂ ಹೇಳಿದ. ಹೋಗಬೇಕಾಗಿದ್ದದ್ದು ಹಳೆಯ ಹೆದ್ದಾರಿಯಲ್ಲಿ, ಪೆಟ್ಟಿಗೆಯ ಹಳೆಯ ನಕ್ಷೆಯಲ್ಲೂ ಅದಿತ್ತು. ಎರಡೂ ಒಂದೇ ದಾರಿ ತೋರಿಸಿದವು. ಗೊಂದಲಕ್ಕೆ ಎಡೆಯೇ ಇರಲಿಲ್ಲ.

ಒಂದು ಗಂಟೆ ಕಳೆದ ಮೇಲೆ ಫೋನಿಗೆ ಕರೆ ಬಂತು. ಮುಂದಿನ ವಾರದ ಪ್ರವಾಸಕ್ಕೆ ಕಾರು ಕೇಳುವವರ ಕರೆ. ಚಾಲಕ ಎತ್ತಿದ. ಪರದೆಯ ಮೇಲಿದ್ದ ನಕ್ಷೆ ಮೂಲೆಗೆ ಸರಿಯಿತು, ದಾರಿ ಹೇಳುತ್ತಿದ್ದ ದನಿ ಅಡಗಿತು. ಯಾವ ಊರು, ಎಷ್ಟು ದಿನ, ಎಲ್ಲಿ ಉಳಿಯುವುದು ಎಂದು ಮಾತು ಬೆಳೆಯಿತು. ನಡುವೆ ಪೆಟ್ಟಿಗೆ, ಮುಂದೆ ಎಡಕ್ಕೆ ತಿರುಗಿ ಎಂದಿತು. ಮಾತಿಗೆ ಅಡ್ಡಿಯೆಂದು ಅವನು ಅದರ ದನಿಯನ್ನು ಪೂರ್ತಿ ತಗ್ಗಿಸಿದ. ಹಿಂದಿನ ಸೀಟಿನಿಂದ ಮಾವ ಮೆಲ್ಲಗೆ ಮುಂದಕ್ಕೆ ಬಾಗಿದ.

"ಏನಪ್ಪಾ, ಎಡಕ್ಕೆ ಬೋರ್ಡು ಕಂಡಂಗಾಯ್ತು. ಅಲ್ಲೇ ತಿರುಗಬೇಕಿತ್ತೇನೋ."

ಚಾಲಕ ತಿರುಗಿಯೂ ನೋಡಲಿಲ್ಲ. ಒಂದು ಕೈ ಎತ್ತಿ, ಸುಮ್ಮನಿರಿ ಎಂದು ಸನ್ನೆ ಮಾಡಿದ. ಗೊತ್ತಿರುವವನು ಕಾರು ಓಡಿಸುತ್ತಿದ್ದಾನೆ ಎಂದುಕೊಂಡು ಮಾವ ಹಿಂದಕ್ಕೆ ಒರಗಿ ಕೂತ.

ಮಾತು ಮುಗಿದು ನಕ್ಷೆ ಮತ್ತೆ ತೆರೆದಾಗ ತಿರುವು ಕಳೆದು ನಲವತ್ತು ಕಿಲೋಮೀಟರ್ ಆಗಿತ್ತು. ರಸ್ತೆಯ ನಡುವೆ ಉದ್ದಕ್ಕೂ ಗೋಡೆ, ತಿರುಗಿಸಿಕೊಳ್ಳಲು ಇನ್ನೂ ಹದಿನಾಲ್ಕು ಕಿಲೋಮೀಟರ್ ಹೋಗಬೇಕು. ತಿರುಗಿಸಿಕೊಂಡು ಬರುವಾಗ ರಿಪೇರಿಗೆಂದು ಒಂದು ಬದಿ ಮುಚ್ಚಿ, ಲಾರಿಗಳೆಲ್ಲ ಸಾಲಾಗಿ ನಿಂತಿದ್ದವು. ಅವನು ಏನು ಹೇಳಿದನೆಂದು ನಿನಗೆ ನಾನು ಹೇಳಬೇಕಾಗಿಲ್ಲ.

"ಫೋನು ಕೈ ಕೊಡ್ತು ಯಜಮಾನ್ರೇ."

ಮಾವ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗಡಿಯಾರ ನೋಡುತ್ತಿದ್ದ.

ಕಾರು ಛತ್ರದ ಗೇಟು ದಾಟುವಾಗ ಒಳಗೆ ಗಟ್ಟಿಮೇಳ ಮೊಳಗಿತು. ತಾಳಿ ಕಟ್ಟುವ ಹೊತ್ತಿನ ವಾದ್ಯ ಅದು, ಯಾರೂ ಅರ್ಥ ಹೇಳಬೇಕಾಗಿಲ್ಲ. ಚಾಲಕ ಓಡಿಹೋಗಿ ಬಾಗಿಲು ತೆಗೆದ. ಮಾವ ಇಳಿಯಲಿಲ್ಲ. ವಾದ್ಯ ನಿಲ್ಲುವವರೆಗೂ ಬುಟ್ಟಿ ಹಿಡಿದು ಕೂತೇ ಇದ್ದ. ಇಳಿದು ಎಲ್ಲಿಗೆ ಹೋಗಬೇಕು ಅವನು? ಬಾಗಿಲು ಹಿಡಿದು ನಿಂತ ಚಾಲಕನಿಗೆ ಅವನ ಮುಖ ನೋಡಲಾಗಲಿಲ್ಲ. ನೆಲ ನೋಡಿದ.

ಹುಡುಗಿಯನ್ನು ಪಕ್ಕದ ಮನೆಯವರೊಬ್ಬರು ಮಂಟಪಕ್ಕೆ ಕರೆತಂದಿದ್ದರು. ಬಾಸಿಂಗವನ್ನು ಅಂಗಡಿಯಿಂದ ತರಿಸಿದ್ದರು. ಮುಹೂರ್ತ ಮೀರುತ್ತದೆಂದು ಪುರೋಹಿತರು ಅವಸರ ಮಾಡಿದ್ದರಂತೆ. ಆದರೂ ಕೊನೆಯ ಐದು ನಿಮಿಷ, ನಮ್ಮ ಮಾವ ಬರಲಿ ಎಂದು ಅವಳು ಕೂತಲ್ಲಿಂದ ಏಳಲಿಲ್ಲವಂತೆ.

ಹುಡುಗಿಯ ತಂದೆ ಧಡಧಡ ಮೆಟ್ಟಿಲಿಳಿದು ಬಂದ. "ಯಾವನಯ್ಯಾ ಡ್ರೈವರ್ರು?" ಎಂದು ಕೂಗಿದ.

ಚಾಲಕನಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟು ಸಲ ಹೇಳಿದ ಉತ್ತರ ಅದು! ಅಷ್ಟರಲ್ಲಿ ಮಾವ ಕಾರಿನಿಂದ ಇಳಿದು ಅಡ್ಡ ಬಂದ.

"ಅವನದೇನೂ ತಪ್ಪಿಲ್ಲ ಭಾವ. ನಾನೇ ಹೊರಡೋದು ತಡ ಮಾಡ್ಕೊಂಡೆ."

ನೆರೆದವರ ಮುಂದೆ ಭಾವ ಬಾಯಿಗೆ ಬಂದಂತೆ ಬೈದ. ತಾಯಿಯಿಲ್ಲದ ಮಗು, ಇವತ್ತೊಂದು ದಿನವಾದರೂ ಬೇಗ ಏಳಲಾಗಲಿಲ್ಲವೇ ಎಂದ. ಆರು ಗಂಟೆಗೇ ಬಾಗಿಲಲ್ಲಿ ನಿಂತಿದ್ದ ಮನುಷ್ಯ ಪೇಟ ಸುತ್ತಿದ ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಎರಡು ಹೆಜ್ಜೆ ಹಿಂದೆ ಚಾಲಕ ನಿಂತಿದ್ದ. ಮುಂದೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಬೈಗುಳ ಮುಗಿದ ಮೇಲೆ ಮಾವನೇ ಅವನನ್ನು ಪಂಕ್ತಿಗೆ ಕರೆದೊಯ್ದು ಎಲೆಯ ಮುಂದೆ ಕೂರಿಸಿದ. ಚಾಲಕ ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸಿ ಒಂದೆರಡು ತುತ್ತು ತಿಂದ. ಬಡಿಸುವವರು ಬಂದಾಗಲೆಲ್ಲ ಕೈ ಅಡ್ಡ ಹಿಡಿದ. ತಾನು ತಿನ್ನುತ್ತಿರುವುದು ಯಾರ ಮರ್ಯಾದೆಯನ್ನು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ವಾಪಸು ಬರುವಾಗ ಮಾವನ ಮಡಿಲಲ್ಲಿ ಅದೇ ಬುಟ್ಟಿ. ಅರ್ಧ ದಾರಿ ಕಳೆದ ಮೇಲೆ ಕೊನೆಗೆ ಚಾಲಕ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ತಿರುಗಿ ನೋಡಲಾಗದೆ ಸ್ಟಿಯರಿಂಗಿಗೇ ಹೇಳಿದ.

"ಯಜಮಾನ್ರೇ, ಫೋನಿಂದು ಏನೂ ತಪ್ಪಿರಲಿಲ್ಲ."

"ಗೊತ್ತಪ್ಪಾ" ಎಂದ ಮಾವ. "ನಾನು ಹಿಂದೇನೇ ಕೂತಿದ್ದೆನಲ್ಲ."

ಗುರುಗಳ ಕತೆ ಅಲ್ಲಿಗೆ ನಿಂತಿತು. ಮತ್ತೊಂದು ಹುಣಸೆಹಣ್ಣು ತೆಗೆದುಕೊಂಡರು.

ಮರುಳಸಿದ್ಧನ ಕಿವಿ ಯಾಕೋ ಬಿಸಿಯಾಗಿತ್ತು. ಆದರೂ ಭಕ್ತರಿಗೆ ಉತ್ತರ ಹೇಳಬೇಕಿತ್ತಲ್ಲ.

"ಹಾಗಾದರೆ ಆಮೇಲೆ ಅವನು ಯಾವುದನ್ನು ಇಟ್ಟುಕೊಂಡ ಗುರುಗಳೇ, ಪೆಟ್ಟಿಗೆಯನ್ನೋ, ಫೋನನ್ನೋ?"

ಗುರುಗಳು ಮೊದಲ ಬಾರಿಗೆ ಕೈ ನಿಲ್ಲಿಸಿ ಅವನ ಮುಖ ನೋಡಿದರು.

"ದಾರಿ ತೋರಿಸಲು ಎರಡರಲ್ಲಿ ಯಾವುದಾದರೂ ಆದೀತು ಮರುಳಸಿದ್ಧ, ತಪ್ಪು ಹೊರಿಸಲು ಯಾವುದು ಒಳ್ಳೆಯದೆಂದು ಕೇಳುತ್ತಿದ್ದೀಯೇನು?"