ಕಡಲಿಗಿಂತ ಉಪ್ಪಾದ ನೀರು

ಕಡಲ ಪಕ್ಕದಲ್ಲಿ ಒಂದು ಆಶ್ರಮ. ಆಶ್ರಮ ಅಂದರೆ ಹೆಂಚು ಹೊದಿಸಿದ ಎರಡು ಕೋಣೆ, ಒಂದು ಜಗಲಿ, ಒಂದು ಬಾವಿ. ಅಷ್ಟೇ. ಗುರುಗಳಿಗೆ ವಯಸ್ಸಾಗಿತ್ತು. ಮಾತು ಕಡಿಮೆ, ಕುತೂಹಲ ಮಾತ್ರ ಚಿಕ್ಕ ಮಕ್ಕಳಿಗಿಂತ ಹೆಚ್ಚು.

ಅವರ ಶಿಷ್ಯರಲ್ಲಿ ಬೊಮ್ಮಯ್ಯ ಅಂತ ಒಬ್ಬ. ನಡುವಯಸ್ಸಿನವನು, ಒಳ್ಳೆಯವನು. ಎಷ್ಟು ಒಳ್ಳೆಯವನು ಅಂದರೆ, ಅವನು ಹೊತ್ತು ಹೊತ್ತಿಗೆ ನೀರು ಹಾಕಿ ಹಾಕಿ ಆಶ್ರಮದ ತುಳಸಿ ಗಿಡವೇ ಕೊಳೆತು ಹೋಗಿತ್ತು.

ಒಂದು ದಿನ ಅವನು ಮುಚ್ಚಳದ ಬಕೆಟ್ಟು ಹಿಡಿದುಕೊಂಡು ಬಸ್ಸಿಳಿದು ಬಂದ. ಹೆಗಲಲ್ಲಿ ಒಂದು ಬಟ್ಟೆಚೀಲ.

"ಏನದು?" ಗುರುಗಳು ಕೇಳಿದರು.

"ಮೀನು, ಗುರುಗಳೇ."

ಉಳಿದ ಶಿಷ್ಯರು ಮುಖ ಮುಖ ನೋಡಿಕೊಂಡರು. ಗುರುಗಳು ಮುಚ್ಚಳ ತೆಗೆದು ಬಗ್ಗಿ ನೋಡಿದರು. ಕಿತ್ತಳೆ ಬಣ್ಣದ ಮೈ, ಅದರ ಮೇಲೆ ಬಿಳಿ ಪಟ್ಟಿ. ಹೆಬ್ಬೆರಳಿಗಿಂತ ದೊಡ್ಡದಲ್ಲ.

"ಕಡಲ ಮೀನೇ, ಆದರೆ ತಿನ್ನೋದಲ್ಲ ಗುರುಗಳೇ, ಸಾಕೋದು. ನಮ್ಮ ಗಣಪು ಸಾಕಿದ್ದು."

ಗಣಪು ಬೊಮ್ಮಯ್ಯನ ತಂಗಿ ಮಾದೇವಿಯ ಗಂಡ. ಪೇಟೆಯಲ್ಲಿ ಪಂಪು, ಮಿಕ್ಸಿ ರಿಪೇರಿ ಮಾಡಿಕೊಂಡಿದ್ದ. ಹೋದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ.

ಅಂದಿನಿಂದ ಬೊಮ್ಮಯ್ಯ ವಾರ ವಾರ ತಂಗಿಯ ಮನೆಗೆ ಹೋಗುತ್ತಿದ್ದ. ಹೊಸ್ತಿಲು ದಾಟುವಾಗಲೇ ಅವನು ಕರವಸ್ತ್ರ ತೆಗೆಯುತ್ತಿದ್ದ. "ಎಂಥಾ ಮನುಷ್ಯ ಹೋಗಿಬಿಟ್ಟ, ಮಾದೇವಿ" ಅಂತ ಶುರುಮಾಡಿದನೆಂದರೆ ಅವನೂ ಅಳುವುದು, ಅವಳೂ ಅಳುವುದು. ಸಂಜೆ ಬಸ್ಸು ಹತ್ತುವಾಗ, ತಂಗಿಯ ದುಃಖ ಹಂಚಿಕೊಂಡು ಬಂದೆನಲ್ಲ ಅಂತ ಅವನಿಗೊಂದು ಸಮಾಧಾನ.

ಈ ಸಲ ಮಾದೇವಿ ಅತ್ತಿರಲಿಲ್ಲ. ಗಣಪುವಿನ ಗಾಜಿನ ತೊಟ್ಟಿ ಬಿರುಕುಬಿಟ್ಟು ಮನೆಯೆಲ್ಲ ನೀರಾಗಿತ್ತು. ಉಳಿದಿದ್ದ ಒಂದೇ ಮೀನನ್ನು ಬಕೆಟ್ಟಿಗೆ ಹಾಕಿ, ತೊಟ್ಟಿಯ ಸಾಮಾನನ್ನು ಚೀಲಕ್ಕೆ ತುಂಬಿ, ಅಣ್ಣನ ಕೈಗೆ ಕೊಟ್ಟಿದ್ದಳು.

"ಏನಂದಳು?" ಗುರುಗಳು ಕೇಳಿದರು.

ಬೊಮ್ಮಯ್ಯ ತಲೆ ತಗ್ಗಿಸಿದ. "'ಅಣ್ಣ, ಇದನ್ನಾದರೂ ಉಳಿಸಿಕೊಡು. ನೀನು ಮಾತ್ರ ನಾನು ಕರೆಯೋವರೆಗೆ ಬರಬೇಡ' ಅಂದಳು. ಗುರುಗಳೇ, ಅಳೋರ ಜೊತೆ ಕೂತು ಅಳೋದು ತಪ್ಪಾ?"

ಗುರುಗಳು ಮೀನನ್ನೇ ನೋಡುತ್ತಿದ್ದರು.

"ಇದನ್ನ ಎಲ್ಲಿಡ್ತೀ?" ಅಂದರು.

"ಕಡಲು ಇಲ್ಲೇ ಇದೆಯಲ್ಲ, ಬಿಟ್ಟು ಬಾ ಮಾರಾಯ," ಅಂದ ಇನ್ನೊಬ್ಬ ಶಿಷ್ಯ.

"ಇದು ತೊಟ್ಟಿಯಲ್ಲೇ ಹುಟ್ಟಿದ್ದು. ದೊಡ್ಡ ಮೀನು ಬಾಯಿ ತೆರೆದು ಬಂದರೆ ಓಡಬೇಕು ಅಂತಲೂ ಇದಕ್ಕೆ ಗೊತ್ತಿಲ್ಲ."

"ಹಾಗಾದರೆ ಕಡಲನ್ನೇ ಇಲ್ಲಿಗೆ ತಾ," ಅಂದರು ಗುರುಗಳು.

"ಅದಕ್ಕೆಲ್ಲ ದುಡ್ಡು ಬೇಕು, ಗುರುಗಳೇ."

"ದುಡ್ಡು ತಾ ಅಂದೆನಾ? ಕಡಲು ತಾ ಅಂದೆ."

ಬೊಮ್ಮಯ್ಯ ಮೀನನ್ನು ಒಂದು ಪ್ಲಾಸ್ಟಿಕ್ ಟಬ್ಬಿಗೆ ಬಿಟ್ಟು, ಗಣಪುವಿನ ಗಾಳಿ ಪಂಪನ್ನು ಅದಕ್ಕೆ ಹಾಕಿ, ಊರು ಸುತ್ತಲು ಹೊರಟ.

ಶಾಲೆಯವರು ಯಾವತ್ತೋ ಎಸೆದಿದ್ದ ಗಾಜಿನ ತೊಟ್ಟಿಯಲ್ಲಿ ಒಬ್ಬರು ಕೋಳಿಮರಿ ಸಾಕಿಕೊಂಡಿದ್ದರು. ಮರಿಗಳು ಬೆಳೆದು ಹೊರಗೆ ಓಡಾಡುತ್ತಿದ್ದವು. ತೊಟ್ಟಿ ಬೊಮ್ಮಯ್ಯನ ಪಾಲಿಗೆ ಬಂತು. ಬೇಲಿಯ ಬುಡದಲ್ಲಿ ಬಿದ್ದಿದ್ದ ಕೆಂಪು ಚಿರೆಕಲ್ಲುಗಳನ್ನು ಜೋಡಿಸಿ ಜಗಲಿಯ ಮೇಲೆ ಕಟ್ಟೆ ಮಾಡಿದ. ಹಳೇ ಕಂಬಳಿ ಮಡಚಿ ಅದರ ಮೇಲೆ ಹಾಸಿದ. ತೊಟ್ಟಿಯ ಮೂಲೆಗಳ ಹಳೇ ಅಂಟನ್ನು ಬ್ಲೇಡಿನಿಂದ ಕೆರೆದು ತೆಗೆದು, ಹೊಸ ಅಂಟು ಹಾಕಿ ಒಣಗಲು ಬಿಟ್ಟ.

"ಈಗ ಜಗಲಿ ಮೇಲಿಟ್ಟು ನೀರು ತುಂಬಲಾ?"

"ಮೊದಲು ಅಂಗಳದಲ್ಲೇ ಬಾವಿ ನೀರು ತುಂಬಿ ನೋಡು. ಸೋರೋದಿದ್ದರೆ ದಾಸವಾಳಕ್ಕಾದರೂ ಸಿಗಲಿ."

ಸೋರಿತು. ದಾಸವಾಳಕ್ಕೆ ಸಿಕ್ಕಿತು. ಬೊಮ್ಮಯ್ಯ ಮತ್ತೆ ಕೆರೆದು ಮತ್ತೆ ಅಂಟು ಹಾಕಿದ. ಎರಡನೇ ಸಲ ನೀರು ನಿಂತಿತು. ಅದನ್ನು ಚೆಲ್ಲಿ, ತೊಟ್ಟಿಯನ್ನು ಕಟ್ಟೆಗೇರಿಸಿ ಕಡಲ ನೀರು ತುಂಬಿದ.

ಆಮೇಲೆ ಚೀಲದಲ್ಲಿ ಉಳಿದಿದ್ದನ್ನು ಹೊರತೆಗೆದ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಸ್ಪಂಜಿತ್ತು, ಕಂದು ಬಣ್ಣ. ಪಂಪಿನ ಗಾಳಿಯ ಎಳೆತಕ್ಕೆ ತೊಟ್ಟಿಯ ನೀರು ಅದರ ಮೂಲಕ ಹಾದು ಶುದ್ಧವಾಗಬೇಕು. ಬೊಮ್ಮಯ್ಯ ಮೂಗು ಮುಚ್ಚಿಕೊಂಡು ಅದನ್ನು ಬಾವಿಕಟ್ಟೆಗೆ ಒಯ್ದ. ಇನ್ನೊಂದು ಕೈಯಲ್ಲಿ ಸೀಗೆಪುಡಿ.

"ತೊಳಿ ಅಂದಳಾ ಮಾದೇವಿ?" ಹಿಂದಿನಿಂದ ಗುರುಗಳ ಸ್ವರ.

"ಇಲ್ಲ. ತೊಳೀಲೇಬೇಡ, ಒಣಗೋಕೂ ಬಿಡಬೇಡ ಅಂದಳು. ಮೀನಿನ ಹೊಲಸು ತಿನ್ನೋ ಜೀವಗಳು ಅದರೊಳಗಿವೆಯಂತೆ, ಕಣ್ಣಿಗೆ ಕಾಣಲ್ಲವಂತೆ. ಗಣಪು ಹೇಳ್ತಿದ್ದನಂತೆ. ಆದರೆ ಗುರುಗಳೇ, ಇದು ನಾರ್ತಾ ಇದೆ."

"ನಿನ್ನ ಗುರು ಯಾರು, ನಾನಾ, ನಿನ್ನ ಮೂಗಾ?"

ಸ್ಪಂಜು ತೊಳೆಯದೆ ತೊಟ್ಟಿಗೆ ಇಳಿಯಿತು.

ಚೀಲದ ತಳದಲ್ಲಿ ಇನ್ನೊಂದು ವಸ್ತು ಸಿಕ್ಕಿತು. ಸಣ್ಣ ಔಷಧಿ ಸೀಸೆ. ಅದರೊಳಗೆ ಒಂದಿಷ್ಟು ಮರಳು. ಮುಚ್ಚಳಕ್ಕೆ ತೂತು ಕೊರೆದು ಪೆನ್ನಿನ ಖಾಲಿ ರೀಫಿಲ್ಲನ್ನು ನೆಟ್ಟಗೆ ನಿಲ್ಲಿಸಿ, ಸುತ್ತಲೂ ಮೇಣ ಹಾಕಿತ್ತು. ರೀಫಿಲ್ಲಿನ ನಡುವೆ ಒಂದು ಕೆಂಪು ನೂಲು ಕಟ್ಟಿತ್ತು.

"ಇದೇನು?" ಗುರುಗಳ ಕಣ್ಣು ಅರಳಿತು.

"ಮಾದೇವಿಗೂ ಗೊತ್ತಿಲ್ಲ. ಗಣಪು ಕೈಯಾರೆ ಮಾಡಿದ್ದು ಅಂತ ಕೊಟ್ಟಳು."

ಬೊಮ್ಮಯ್ಯ ಅದನ್ನು ತೊಳೆದು, ಒರೆಸಿ, ದೇವರ ಗೂಡಿನಲ್ಲಿಟ್ಟ. ದಿನಾ ಒಂದು ಹೂವನ್ನೂ ಏರಿಸತೊಡಗಿದ.

ಮೀನು ಹೊಸ ತೊಟ್ಟಿಗೆ ಹೊಂದಿಕೊಂಡಿತು. ಕೊಟ್ಟದ್ದು ತಿಂದಿತು. ಬೊಮ್ಮಯ್ಯ ಹತ್ತಿರ ಬಂದರೆ ಗಾಜಿಗೆ ಮೂತಿ ಒತ್ತಿ ನಿಲ್ಲುತ್ತಿತ್ತು. ಗುರುಗಳು ಜಪದ ಮಣೆಯನ್ನೇ ತೊಟ್ಟಿಯ ಮುಂದಕ್ಕೆ ಎಳೆದುಕೊಂಡರು.

ಬೇಸಿಗೆ ಏರುತ್ತಿತ್ತು. ಜಗಲಿಗೆ ಬಿಸಿಗಾಳಿ ಬಡಿಯುತ್ತಿತ್ತು. ಬೆಳಗಾದರೆ ತೊಟ್ಟಿಯ ನೀರು ಬೆರಳಗಲ ಇಳಿದಿರುತ್ತಿತ್ತು. ಬೊಮ್ಮಯ್ಯ ಗಾಜಿನ ಮೇಲೆ ಗುರುತು ಮಾಡಿಕೊಂಡಿದ್ದ. ದಿನಾ ಬಂಡೆಗಳಾಚೆ ಹೋಗಿ, ನೀರು ತಿಳಿಯಾಗಿರುವ ಕಡೆ ಕಡಲ ನೀರು ತುಂಬಿ, ಬಟ್ಟೆಯಲ್ಲಿ ಸೋಸಿ, ಗುರುತಿನವರೆಗೆ ಹೊಯ್ಯುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ. ಸೋಮಾರಿತನದ ಮಾತು ಅವನ ವಿಷಯದಲ್ಲಿ ಯಾರೂ ಆಡುವ ಹಾಗಿರಲಿಲ್ಲ.

ಹಾಗಿದ್ದೂ ಮೀನು ಮಂಕಾಯಿತು. ಮೊದಲು ತಿನ್ನುವುದು ಬಿಟ್ಟಿತು. ಆಮೇಲೆ ಮೂಲೆಯಲ್ಲಿ ಮಲಗಿಬಿಟ್ಟಿತು. ಅದರ ಕಿವಿರು ಮಾತ್ರ ಬೇಗ ಬೇಗ ಬಡಿಯುತ್ತಿತ್ತು.

ಬೊಮ್ಮಯ್ಯ ಕಂಗಾಲಾದ. ನೀರು ಸ್ವಲ್ಪ ಇಳಿದರೂ ಸಾಕು, ಕಡಲಿಗೆ ಓಡುವನು, ತಂದು ಹೊಯ್ಯುವನು. ಕೊನೆಗೆ ತೊಟ್ಟಿಯ ಮುಂದೆ ಕುಸಿದು ಕೂತು ಅತ್ತುಬಿಟ್ಟ.

"ಗಣಪು ಸಾಕಿದ್ದರಲ್ಲಿ ಉಳಿದ ಒಂದೇ ಜೀವ ಇದು. ಇದೂ ಹೋದರೆ ತಂಗಿ ನನ್ನನ್ನ ಯಾಕೆ ಕರೀತಾಳೆ? ಅವಳಿಗೆ ಯಾವ ಮುಖ ತೋರಿಸಲಿ?"

ಗುರುಗಳು ಕೇಳಿದರು, "ಇದಕ್ಕೆ ಏನು ಹಾಕಿದೆ?"

"ಕಡಲ ನೀರು ಬಿಟ್ಟರೆ ಬೇರೇನೂ ಇಲ್ಲ. ಆಣೆ ಮಾಡಿ ಹೇಳ್ತೀನಿ."

ಗುರುಗಳು ತೊಟ್ಟಿಯ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದರು. ಬಕೆಟ್ಟಿನಲ್ಲಿದ್ದ ಕಡಲ ನೀರನ್ನೂ ಮುಟ್ಟಿಸಿ ನೋಡಿದರು. ಮುಖ ಸಿಂಡರಿಸಿದರು.

"ನಾಲಿಗೆಗೆ ಎರಡೂ ಬರೀ ಉಪ್ಪು. ಇದರಿಂದ ತಿಳಿಯೋದಿಲ್ಲ."

ಸುತ್ತ ನೋಡಿದರು. ಕಣ್ಣು ದೇವರ ಗೂಡಿನ ಮೇಲೆ ನಿಂತಿತು.

"ಆ ಸೀಸೆ ತಾ."

"ಅದು ಗಣಪುವಿನ ನೆನಪು, ಗುರುಗಳೇ."

"ನೆನಪಿಗೆ ಅಂತ ಮಾಡಿದ್ದರೆ ಮರಳು ಯಾಕೆ ತುಂಬ್ತಿದ್ದ? ತಾ ನೋಡೋಣ."

ಬೊಮ್ಮಯ್ಯ ಹೂವು ತೆಗೆದು ಸೀಸೆ ಕೊಟ್ಟ. ಗುರುಗಳು ಅದನ್ನು ಕಡಲ ನೀರಿನ ಬಕೆಟ್ಟಿಗೆ ಬಿಟ್ಟರು. ಸೀಸೆ ಮುಳುಗಿ, ತಳ ಮುಟ್ಟದೆ ತೇಲಿತು, ರೀಫಿಲ್ಲು ನೆಟ್ಟಗೆ ನಿಂತಿತು. ಕೆಂಪು ನೂಲು ಸರಿಯಾಗಿ ನೀರಿನ ಮಟ್ಟಕ್ಕೆ ಬಂದು ನಿಂತಿತು.

ಕೊಡದಲ್ಲಿದ್ದ ಬಾವಿ ನೀರಿಗೆ ಬಿಟ್ಟರು. ನೂಲು ಕೆಳಗೆ ಮುಳುಗಿಹೋಯಿತು.

ತೊಟ್ಟಿಗೆ ಬಿಟ್ಟರು. ನೂಲು ನೀರಿನಿಂದ ಮೇಲೆ, ಗಾಳಿಯಲ್ಲಿ ನಿಂತಿತು.

"ಉಪ್ಪು ಹೆಚ್ಚಾದಷ್ಟೂ ಇದು ಮೇಲೇಳುತ್ತೆ," ಅಂದರು ಗುರುಗಳು. "ಜಾಣ ನಿನ್ನ ಗಣಪು. ನೋಡು ಬೊಮ್ಮಯ್ಯ, ತೊಟ್ಟಿಯ ನೀರು ಕಡಲಿಗಿಂತ ಉಪ್ಪಾಗಿದೆ."

"ಅದು ಹೇಗಾಗುತ್ತೆ? ನಾನು ಹಾಕಿದ್ದೇ ಕಡಲ ನೀರು."

"ಅದೇ ನನ್ನ ಪ್ರಶ್ನೆಯೂ. ಕಡಲ ನೀರಷ್ಟೇ ಹಾಕಿದ್ದು. ಕಡಲಿನಲ್ಲಿ ಇಲ್ಲದಷ್ಟು ಉಪ್ಪು ಎಲ್ಲಿಂದ ಬಂತು?"

ಬೊಮ್ಮಯ್ಯ ತೊಟ್ಟಿಯನ್ನೂ ಬಕೆಟ್ಟನ್ನೂ ಬದಲಿಸಿ ಬದಲಿಸಿ ನೋಡಿದ.

"ನನಗೂ ಗೊತ್ತಿಲ್ಲ," ಅಂದರು ಗುರುಗಳು. ಹಾಗನ್ನುವಾಗ ಅವರಿಗೆ ಖುಷಿಯೇ ಆದಂತಿತ್ತು.

ಊಟದ ತಟ್ಟೆ ತರಿಸಿ, ಬಕೆಟ್ಟಿನಿಂದ ಒಂದಿಷ್ಟು ಕಡಲ ನೀರು ಹೊಯ್ದು, ಅಂಗಳದ ಬಿಸಿಲಿಗಿಟ್ಟರು. ಇಬ್ಬರೂ ನೆರಳಲ್ಲಿ ಕೂತರು. ಬೊಮ್ಮಯ್ಯ ತೊಟ್ಟಿಗೂ ತಟ್ಟೆಗೂ ಓಡಾಡಿದ. ಮೀನಿನ ಕಿವಿರು ಬಡಿಯುತ್ತಲೇ ಇತ್ತು.

ಇಳಿಹೊತ್ತಿಗೆ ತಟ್ಟೆ ಒಣಗಿತು. ತಳದಲ್ಲಿ ಬೆಳ್ಳಗೆ ಹರಳುಗಟ್ಟಿತ್ತು.

"ಏನು ಹೋಯ್ತು?"

"ನೀರು."

"ಏನು ಉಳೀತು?"

"ಉಪ್ಪು."

ಗುರುಗಳು ಅದೇ ತಟ್ಟೆಗೆ ಮತ್ತೆ ಕಡಲ ನೀರು ಹೊಯ್ಯಲು ಬಕೆಟ್ಟು ಬಗ್ಗಿಸಿದರು.

ಬೊಮ್ಮಯ್ಯ ಅವರ ಕೈ ಹಿಡಿದುಕೊಂಡ. "ಬೇಡ ಗುರುಗಳೇ. ತಿಳೀತು."

ಅವನು ತಟ್ಟೆಯ ಹರಳನ್ನು ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ಮೆಲ್ಲಗೆ ಅಂದ, "ದಿನಾ ಇದನ್ನೇ ಮಾಡಿದೆ. ಹೋಗಿದ್ದು ಬರೀ ನೀರು. ನಾನು ಅದರ ಜಾಗಕ್ಕೆ ಉಪ್ಪನ್ನೂ ಹೊತ್ತು ತಂದೆ."

"ಈಗೇನು ಮಾಡ್ತೀ?"

"ಹೋದದ್ದನ್ನ ಕೊಡ್ತೀನಿ."

ಬಾವಿಗೆ ಓಡಿ ಒಂದು ಕೊಡ ಸೇದಿಕೊಂಡು ಬಂದ. ಕೊಡವನ್ನೇ ಎತ್ತಿ ತೊಟ್ಟಿಗೆ ಬಗ್ಗಿಸಿದ. ಗುರುಗಳು ಅಡ್ಡ ಬಂದರು.

"ಒಂದು ಲೋಟ."

"ಮೀನು ಸಾಯ್ತಾ ಇದೆ, ಗುರುಗಳೇ."

"ಅದಕ್ಕೇ ಹೇಳ್ತಾ ಇರೋದು. ಇಷ್ಟು ದಿನದ ಉಪ್ಪಿಗೆ ಅದರ ಮೈ ಒಗ್ಗಿಹೋಗಿದೆ. ಸಿಹಿನೀರೇ ಆದರೂ ಒಮ್ಮೆಲೇ ಸುರಿದರೆ ತಡಕೊಳ್ಳಲ್ಲ. ಒಮ್ಮೆಗೆ ಒಂದು ಲೋಟ."

ತೊಟ್ಟಿಯಿಂದ ಒಂದು ಲೋಟ ತೆಗೆದು, ಬಾವಿಯ ಒಂದು ಲೋಟ ಹಾಕುವುದು. ಆಮೇಲೆ ಕಾಯುವುದು. ಬೊಮ್ಮಯ್ಯನಿಗೆ ಹೊಯ್ಯುವುದಕ್ಕಿಂತ ಕಾಯುವುದೇ ಕಷ್ಟವಾಯಿತು. ಕೈ ಸುಮ್ಮನಿರಲಿ ಅಂತ ಗುರುಗಳು ಅವನಿಗೆ ಅಕ್ಕಿ ಆರಿಸಲು ಕೊಟ್ಟರು. ಆಶ್ರಮದಲ್ಲಿ ಆ ವಾರ ಒಂದು ಕಲ್ಲೂ ಇಲ್ಲದ ಅನ್ನ ಸಿಕ್ಕಿತು.

ದಿನ ಕಳೆದಂತೆ ಕೆಂಪು ನೂಲು ಕೆಳಗಿಳಿಯುತ್ತಾ ಬಂತು. ಅದು ನೀರಿನ ಮಟ್ಟ ಮುಟ್ಟಿದ ದಿನ ಮೀನು ಮೂಲೆ ಬಿಟ್ಟು ಎದ್ದಿತ್ತು. ಬೊಮ್ಮಯ್ಯ ಬಗ್ಗಿದಾಗ ಗಾಜಿಗೆ ಮೂತಿ ಒತ್ತಿತು. ಅವನು ಗುರುಗಳ ಕಾಲು ಹಿಡಿದುಕೊಂಡ.

"ಕಾಲು ಬಿಡು, ಅದಕ್ಕೆ ತಿನ್ನೋಕೆ ಕೊಡು," ಅಂದರು ಗುರುಗಳು.

ಸೀಸೆ ಮತ್ತೆ ದೇವರ ಗೂಡಿಗೆ ಹೋಗಲಿಲ್ಲ. ತೊಟ್ಟಿಯ ಪಕ್ಕದಲ್ಲೇ ಉಳಿಯಿತು.

ಕೆಲವು ದಿನಗಳಾದ ಮೇಲೆ ಆಶ್ರಮದ ಫೋನಿಗೆ ಮಾದೇವಿಯ ಕರೆ ಬಂತು.

"ಮೀನು ಇದೆಯಾ, ಅಣ್ಣ?"

"ಇದೆ. ಚೆನ್ನಾಗಿ ತಿಂತಾ ಇದೆ."

ಏನು ತಿನ್ನುತ್ತೆ, ಎಷ್ಟು ಸಲ ತಿನ್ನುತ್ತೆ ಅಂತೆಲ್ಲ ಅವಳು ಕೇಳಿದಳು. ಆಮೇಲೆ ಅವಳು ಅಂದಳು, "ಹಾಗಾದರೆ ನಾಳೆ ಒಂದು ಸಲ ಬಂದು ಹೋಗು."

ಮಾರನೇ ದಿನ ಬೊಮ್ಮಯ್ಯ ಮಡಿ ಪಂಚೆ ಉಟ್ಟು ಹೊರಟು ನಿಂತ. ಜೇಬಿನಲ್ಲಿ ಎರಡು ಕರವಸ್ತ್ರ ಇಣುಕುತ್ತಿದ್ದವು.

"ಎರಡು ಯಾಕೆ?" ಗುರುಗಳು ಕೇಳಿದರು.

"ಒಂದು ಅವಳಿಗೆ."

ಗುರುಗಳು ಮಣೆ ತೋರಿಸಿದರು. "ಬಸ್ಸಿಗೆ ಹೊತ್ತಿದೆ, ಕೂತುಕೋ. ಗಣಪು ಇದ್ದಾಗ ಆ ಮನೆ ಹೇಗಿತ್ತು?"

"ಅಯ್ಯೋ, ದಿನಾ ಜಗಳ. ಇವನು ಕಾಫಿ ಲೋಟದಲ್ಲಿ ಸ್ಕ್ರೂ ಹಾಕಿಡ್ತಿದ್ದ. ಒಂದು ಸಲ ಅವಳ ಹಿಟ್ಟಿನ ಜರಡಿ ಕದ್ದು ತೊಟ್ಟಿಯ ಮರಳು ಜರಡಿ ಹಿಡಿದುಬಿಟ್ಟ. ಸುದ್ದಿಯೇ ಇಲ್ಲದೆ ಅದನ್ನ ಮತ್ತೆ ಮೊಳೆಗೆ ಸಿಕ್ಕಿಸಿಟ್ಟಿದ್ದ. ಅವತ್ತು ನಾನೂ ಊಟಕ್ಕೆ ಹೋಗಿದ್ದೆ. ಎಲ್ಲರ ಬಾಯಲ್ಲೂ ರೊಟ್ಟಿ ಕರಕರ. ಅವಳು ಬೈದಳು, ಬೈದಳು, ಬೈದು ಬೈದು ಕೊನೆಗೆ ಅವಳಿಗೇ ನಗು ತಡೆಯೋಕಾಗದೆ ಗೋಡೆ ಹಿಡಿದುಕೊಂಡು ಕೂತಳು."

ಹೇಳುತ್ತಾ ಬೊಮ್ಮಯ್ಯನೂ ನಕ್ಕ. ಗಣಪು ಸತ್ತ ಮೇಲೆ ಅವನು ನಕ್ಕದ್ದು ಅದೇ ಮೊದಲು. ನಗುತ್ತಿದ್ದಂತೆ ಕಣ್ಣೊರೆಸಿಕೊಂಡ.

"ಎಂಥಾ ಮನುಷ್ಯ ಹೋಗಿ..." ಅಂತ ಶುರುಮಾಡಿ ಜೇಬಿಗೆ ಕೈ ಹಾಕಿದ.

ಗುರುಗಳು ಅಂಗೈ ಚಾಚಿ ಎರಡೂ ಕರವಸ್ತ್ರ ಇಸಿದುಕೊಂಡರು.

"ಉಪ್ಪು ಆ ಮನೆಯಲ್ಲಿ ಬೇಕಾದಷ್ಟಿದೆ, ಬೊಮ್ಮಯ್ಯ. ನೀನು ಆ ಜರಡಿಯ ಕತೆ ತಗೊಂಡು ಹೋಗು. ಒಮ್ಮೆಗೆ ಒಂದು ಲೋಟ."