ಕೆಂಪಾಜಮ್ಮ ಹೇಳಬೇಕಾದ ಮಾತು

ಹೊಳೆಯ ದಡದ ಆ ಆಶ್ರಮಕ್ಕೆ ಮನಸ್ಸು ಕಲಕಿದವರನ್ನು ಕರೆತರುತ್ತಿದ್ದರು. ಜೊತೆಗೆ ಮನೆಯವರೊಬ್ಬರು ಉಳಿಯಬೇಕೆಂಬುದು ಅಲ್ಲಿಯ ರೂಢಿ. ಔಷಧ ಬರೆಯಲು ಪಟ್ಟಣದಿಂದ ವೈದ್ಯರು ಬಂದು ಹೋಗುತ್ತಿದ್ದರು. ಉಳಿದದ್ದೆಲ್ಲ ದೇವೀರಮ್ಮನವರ ಪಾಲು. ಮನೋರೋಗಿಗಳ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು, ತಲೆ ನರೆತ ಮೇಲೆ ಅವರು ಇಲ್ಲಿಗೆ ಬಂದಿದ್ದರು.

ಅವರ ಬಳಿ ಕೆಲಸ ಕಲಿಯುತ್ತಿದ್ದವಳು ಪಂಕಜ.

ಒಂದು ಬೆಳಿಗ್ಗೆ ಪಂಕಜ ಏದುಸಿರು ಬಿಡುತ್ತ ಬಂದಳು.

"ಅಮ್ಮಾ, ಕೆಂಪಾಜಮ್ಮ ಬಟ್ಟೆ ಗಂಟು ಕಟ್ಟಿಕೊಂಡು ಹೊಳೆ ಕಡೆ ಹೋದರು. ಮಗ ನಿದ್ದೆಯಲ್ಲಿದ್ದಾನೆ. ಅವನನ್ನ ಇಲ್ಲೇ ಬಿಟ್ಟು ಹೋಗ್ತಾರಂತೆ!"

ದೇವೀರಮ್ಮ ಸೊಪ್ಪು ಬಿಡಿಸುತ್ತಿದ್ದರು. "ಯಾಕಂತೆ?"

"ಕೇಳಿದೆ. 'ಆಗೋದಿಲ್ಲ' ಅಂದರು, ಅಷ್ಟೇ. ಹೆತ್ತ ತಾಯಿ ಆಡೋ ಮಾತಾ ಇದು? ಅವರು ಆಶ್ರಮ ಬಿಟ್ಟು ಹೋದರೆ ಮರಿಸ್ವಾಮಿ ಔಷಧ ಮುಟ್ಟೋದಿಲ್ಲ. ಈಗ ತಾನೆ ಸುಧಾರಿಸ್ತಿದ್ದಾನೆ."

"ಅವನು ದಿನವೆಲ್ಲ ತಾಯಿಯನ್ನ ಏನು ಕೇಳ್ತಾನೆ?"

"'ಅಪ್ಪ ಬಂದ್ರಾ' ಅಂತ. ತಂದೆ ತೀರಿಕೊಂಡದ್ದು ಅವನ ತಲೆಯಲ್ಲಿ ನಿಲ್ಲೋದಿಲ್ಲ."

"ಅದಕ್ಕೆ ಏನು ಹೇಳಬೇಕು ಅಂತ ತಿಳಿಸಿದ್ದೀಯ?"

"ಸುಳ್ಳು ಹೇಳಬಾರದು ಅಂದಿದ್ದೀನಿ. ಎಷ್ಟು ಸಲ ಕೇಳಿದರೂ ಮೆತ್ತಗೆ, 'ಅಪ್ಪ ಸತ್ತುಹೋದರು ಮಗಾ' ಅನ್ನಬೇಕು. ಸರಿಯಾಗಿಯೇ ಹೇಳಿಕೊಟ್ಟಿದ್ದೀನಿ, ಅಮ್ಮಾ."

"ಸರಿಯಾಗಿಯೇ ಇದೆ. ನಿಮ್ಮ ತಂದೆ ಹೇಗಿದ್ದಾರೆ?"

ಪಂಕಜ ತಬ್ಬಿಬ್ಬಾದಳು. "ಚೆನ್ನಾಗಿದ್ದಾರೆ."

"'ನಮ್ಮಪ್ಪ ಸತ್ತುಹೋದರು' ಅನ್ನು."

"ಅಮ್ಮಾ! ಬಿಡ್ತು ಅನ್ನಿ!"

"ಬಿಡ್ತು. ಈಗ ಅನ್ನು."

"ನಮ್ಮಪ್ಪ..." ಎಂದು ಪಂಕಜ ಅಲ್ಲಿಗೇ ನಿಲ್ಲಿಸಿದಳು.

"ಮೆತ್ತಗೆ ಅಂದರೂ ಸಾಕು."

ಅವಳ ಕಣ್ಣು ತುಂಬಿತು. "ಆಗೋದಿಲ್ಲ, ಅಮ್ಮಾ," ಎಂದಳು.

ಅಂದ ಮೇಲೆ, ತಾನು ಅಂದದ್ದು ಅವಳಿಗೇ ಕೇಳಿಸಿತು.

ದೇವೀರಮ್ಮ ಮತ್ತೆ ಸೊಪ್ಪಿಗೆ ಕೈ ಹಾಕಿದರು. "ಹರಿಗೋಲು ಇನ್ನೂ ಹೊರಟಿರಲಿಕ್ಕಿಲ್ಲ."

ಪಂಕಜ ಓಡಿದಳು.

ಕೆಂಪಾಜಮ್ಮ ಮಡಿಲಲ್ಲಿ ಗಂಟು ಇಟ್ಟುಕೊಂಡು ಹರಿಗೋಲಿನಲ್ಲಿ ಕೂತಿದ್ದರು. ಇವಳನ್ನು ಕಂಡು ಮುಖ ತಿರುಗಿಸಿದರು.

"ಇನ್ನೊಂದು ಬುದ್ಧಿಮಾತು ಬಾಕಿ ಉಳೀತೇನಮ್ಮ?"

ದಾರಿಯುದ್ದಕ್ಕೂ ಪಂಕಜ ಹೇಳಬೇಕಾದ್ದನ್ನು ಜೋಡಿಸಿಕೊಂಡು ಬಂದಿದ್ದಳು. ಅದನ್ನು ಬಿಟ್ಟು, ಹರಿಗೋಲು ಹತ್ತಿ ಪಕ್ಕದಲ್ಲಿ ಕೂತಳು.

"ನಿಮ್ಮ ಯಜಮಾನರು ಹೇಗಿದ್ದರು, ಕೆಂಪಾಜಮ್ಮ?"

ಆಕೆ ಇವಳ ಕಡೆ ತಿರುಗಿದರು.

"ಕಿಲಾಡಿ," ಎಂದರು.

ಆಮೇಲೆ ತಾವಾಗಿಯೇ ಮುಂದುವರಿಸಿದರು. "ಒಂದಿನ ಸಕ್ಕರೆ ಅಂತ ಕಾಫಿಗೆ ಉಪ್ಪು ಹಾಕಿಬಿಟ್ಟಿದ್ದೆ. ತುಟಿಪಿಟಕ್ ಅನ್ನದೆ ಪೂರ್ತಿ ಕುಡಿದ್ರು. ನಾನು ಕುಡಿದಾಗಲೇ ಗೊತ್ತಾಗಿದ್ದು. 'ಮೊದಲೇ ಹೇಳಬಾರ್ದಾ' ಅಂದ್ರೆ, 'ನೀನು ಕುಡಿಯೋದನ್ನ ನೋಡೋಣ ಅಂತ ಕಾದೆ' ಅಂದ್ರು!"

ಪಂಕಜ ನಕ್ಕಳು. ಕೆಂಪಾಜಮ್ಮನೂ ನಕ್ಕರು. ನಗುತ್ತಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು.

ಅಂಬಿಗ ಕಾದು ಕಾದು ಸಾಕಾಗಿ ಕೂಗಿದ. "ಅಕ್ಕಾ, ಇದು ಹರಿಗೋಲು, ನಿಮ್ಮನೆ ಜಗಲಿಯಲ್ಲ. ಇಳೀತೀರೋ, ಬರ್ತೀರೋ?"

ಪಂಕಜ ತಗ್ಗಿದ ದನಿಯಲ್ಲಿ ಹೇಳಿದಳು. "ಅವನಿಗೆ ಹೇಳುವಾಗ ಆ ಮಾತು ನಿಮಗೂ ಕೇಳಿಸುತ್ತೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಹೋಗಲೇಬೇಕು ಅನ್ನಿಸಿದರೆ ಹೋಗಿ. ನಾನು ಏನೂ ಅನ್ನೋದಿಲ್ಲ."

ಕೆಂಪಾಜಮ್ಮ ಕಣ್ಣೊರೆಸಿಕೊಂಡರು. "ಬಂದರೂ, ಇವತ್ತು ಆ ಮಾತು ನನ್ನ ಬಾಯಿಂದ ಬರೋದಿಲ್ಲ."

"ಬೇಡ."

ಆಕೆ ಗಂಟನ್ನು ಪಂಕಜಳ ಕೈಗೆ ಕೊಟ್ಟು ಇಳಿದರು.

ಆಶ್ರಮಕ್ಕೆ ಬಂದು ರೊಟ್ಟಿ ತಿಂದು, ಪಡಸಾಲೆಯಲ್ಲಿ ತಲೆ ಊರಿದ್ದೇ ತಡ, ಕೆಂಪಾಜಮ್ಮನಿಗೆ ಗಾಢ ನಿದ್ದೆ ಹತ್ತಿತು. ದೇವೀರಮ್ಮ ಸದ್ದಾಗದಂತೆ ಬಾಗಿಲು ಮುಂದೆ ಮಾಡಿದರು.

ಅಷ್ಟರಲ್ಲಿ ಅತ್ತ ಕೋಣೆಯಲ್ಲಿ ಮರಿಸ್ವಾಮಿ ಎದ್ದ ಸಪ್ಪಳ ಕೇಳಿತು.

"ಅಮ್ಮಾ, ಎದ್ದ," ಎಂದಳು ಪಂಕಜ. "ಈಗ ಕೇಳ್ತಾನೆ."

ದೇವೀರಮ್ಮ ಔಷಧವನ್ನೂ ನೀರಿನ ಲೋಟವನ್ನೂ ಅವಳ ಕೈಗಿತ್ತರು.

"ಇವತ್ತು ನಿನ್ನ ಸರದಿ. ನಾಳೆ ನನ್ನದು. ನಾಡಿದ್ದು ಯಾರದು ಅಂತ ಅವರನ್ನ ಕೇಳೋಣ."